ಸಿನಿಮಾದಲ್ಲಿ ಸತ್ತವಳನ್ನು ನಮ್ಮತ್ತೆ ಬದುಕಿಸಿದ್ದು

ಸಿನಿಮಾ ಶುರುವಾಗುವ ಮುಂಚೆಯೇ ನಮ್ಮತ್ತೆಗೆ ಬೇಜಾರಾಗಿತ್ತು. ಪರದೆಯ ಮೇಲೆ ಒಂದರ ಹಿಂದೊಂದು ಹೆಸರು ಬರುತ್ತಲೇ ಇದ್ದವು. ಒಂದು ದೇಶದ ಚಲನಚಿತ್ರ ನಿಧಿ, ಇನ್ನೊಂದು ದೇಶದ ಟೀವಿ ಚಾನೆಲ್ಲು, ಮೂರನೆಯ ದೇಶದ ಯಾವುದೋ ಜಿಲ್ಲೆ, ಇವರ ಸಹಯೋಗ, ಅವರ ಬೆಂಬಲ.

"ಇದೇನ್ ಮಗಾ, ಲಗ್ನಪತ್ರಿಕೇಲಿ ಸುಖಾಗಮನ ಬಯಸೋರ್ನ ಹಾಕ್ದಂಗೆ ಹಾಕವ್ರೆ? ಕೊಲೆ ಯಾವಾಗ?"

ಯುರೋಪಿನಲ್ಲಿ ಎಷ್ಟೋ ಸಿನಿಮಾಗಳಿಗೆ ಹೀಗೆ ನಾಲ್ಕೈದು ದೇಶದವರು ಸೇರಿ ದುಡ್ಡು ಹಾಕುತ್ತಾರೆ, ಹಾಕಿದವರಿಗೆಲ್ಲ ಒಂದೊಂದು ಮರ್ಯಾದೆ ಆಗಬೇಕು, ಅದಕ್ಕೇ ಪೊಲೀಸಿನವನು ಒಂದು ದೇಶದವನು, ಪೊಲೀಸಿನವಳು ಇನ್ನೊಂದು ದೇಶದವಳು, ಸಮುದ್ರ ಮೂರನೆಯವರದು ಅಂತ ವಿವರಿಸಿದೆ. "ಗೊತ್ತಾಯ್ತು ಬುಡು. ಬೀಗ್ರಿಗೊಂದು ಪಂಕ್ತಿ, ನೆಂಟ್ರಿಗೊಂದು ಪಂಕ್ತಿ" ಅಂದರು. ನಾನು ಅಷ್ಟುದ್ದ ಹೇಳಿದ್ದನ್ನು ಅವರು ಇಷ್ಟರಲ್ಲೇ ಮುಗಿಸಿದ್ದಕ್ಕೆ ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ಮಾತ್ರ ನಿಧಾನ.

ನಮ್ಮ ಮನೆ ಲಿವರ್‌ಮೋರಿನಲ್ಲಿ. ನನ್ನ ಆಫೀಸು ಸ್ಯಾನ್ ಮಟಿಯೋದಲ್ಲಿ. ವಾರದಲ್ಲಿ ಕೆಲವು ದಿನ ಸೇತುವೆ ದಾಟಿ ಹೋಗುತ್ತೇನೆ, ಉಳಿದ ದಿನ ಮನೆಯಿಂದಲೇ ಮೀಟಿಂಗು. ಅತ್ತೆ ಮಂಡ್ಯ ಕಡೆಯವರು, ನಮ್ಮ ಜೊತೆ ಇರಲು ಶುರುಮಾಡಿ ವರ್ಷಗಳಾದವು. ಕನ್ನಡ ಓದುತ್ತಾರೆ, ಇಂಗ್ಲಿಷು ತಮಗೆ ಬೇಡ ಅಂತ ಬಂದ ದಿನವೇ ಹೇಳಿಬಿಟ್ಟಿದ್ದಾರೆ. ಕನ್ನಡ ಧಾರಾವಾಹಿ ಹಾಕಿಕೊಟ್ಟರೆ "ಅಳೋದ್ ನೋಡೋಕೆ ಇಷ್ಟ್ ದೂರ ಬರ್ಬೇಕಾಗಿತ್ತಾ? ಯಾರ್ನಾದ್ರೂ ಕೊಂದಿರೋದಿದ್ರೆ ಹಾಕು" ಅನ್ನುತ್ತಾರೆ. ಹಾಗಾಗಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮಿಬ್ಬರಿಗೂ ಒಂದು ಕೊಲೆ ಸಿನಿಮಾ. ನಮ್ಮ ಯಜಮಾನರು ಆ ಹೊತ್ತಿಗೆ ಮಹಡಿ ಮೇಲೆ ನಿದ್ದೆ ಮಾಡುತ್ತಿರುತ್ತಾರೆ. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬರುವ ಮಾತನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ, ಅತ್ತೆ ಮುಖಗಳನ್ನು ನೋಡುತ್ತಾರೆ. ಎಷ್ಟೋ ಸಲ ಕೊಲೆಗಾರನನ್ನು ನನಗಿಂತ ಮುಂಚೆ ಹಿಡಿಯುತ್ತಾರೆ. "ನೀನು ಮಾತ್ ಕೇಳ್ಕೊಂಡ್ ಕೂತ್ಕೋತೀಯ, ಅದ್ಕೆ ಮೋಸ ಹೋಯ್ತೀಯ" ಅಂತ ಬುದ್ಧಿವಾದ ಬೇರೆ.

ಈ ಸಿನಿಮಾ ಒಂದು ಕಾದಂಬರಿ ಆಧರಿಸಿದ್ದು. ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಲೈಬ್ರರಿಯಿಂದ ತಂದು ನಾನು ಓದಿಯಾಗಿತ್ತು. ಉತ್ತರದ ಚಳಿ ದ್ವೀಪವೊಂದರಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ. ಗಂಡ ಬಂದರಿನಲ್ಲಿ ಇಂಜಿನಿಯರ್ರು, ಊರಿಗೆಲ್ಲ ಬೇಕಾದವನು. ಹೆಂಡತಿ ಒಂದು ದಿನ ಕಾಣೆಯಾಗುತ್ತಾಳೆ. ಎರಡು ದೇಶದ ಪೊಲೀಸರು ಬಂದು ಹುಡುಕುತ್ತಾ ಹುಡುಕುತ್ತಾ ಹೋದ ಹಾಗೆ ಆ ಮನೆಯ ಒಳಗಿನ ಬದುಕು ಒಂದೊಂದೇ ಹೊರಗೆ ಬರುತ್ತದೆ. ಅವನು ಕೆಲಸದ ಜಾಗದಿಂದ ಆಗಾಗ ಮನೆಗೆ ಫೋನು ಮಾಡುತ್ತಿದ್ದ, ಅವಳು ಎತ್ತಲೇಬೇಕು. ಕಾರಿನ ಕೀ ಅವನ ಹತ್ತಿರ. ಅವಳು ಯಾವ ಕೋಟು ಹಾಕಬೇಕು ಅಂತಲೂ ಅವನೇ ಹೇಳಬೇಕು. ಒಂದು ದಿನವೂ ಕೈ ಎತ್ತಿದವನಲ್ಲ. ಕೊನೆಗೆ ಬಂದರಿನ ಹಳೇ ಐಸ್ ಗೋಡೌನಿನಲ್ಲಿ ಅವಳ ಹೆಣ ಸಿಗುತ್ತದೆ. ಅವನೇ ಕೊಂದಿದ್ದಾನೆ, ಅವಳು ಬಿಟ್ಟು ಹೋಗುತ್ತೇನೆ ಅಂದ ದಿನ.

ಕಾದಂಬರಿಗೆ ಹೋಲಿಸಿದರೆ ಸಿನಿಮಾ ಅಷ್ಟಕ್ಕಷ್ಟೇ. ಪುಸ್ತಕದಲ್ಲಿ ಆ ಹೆಣ್ಣಿನ ತಾಯಿಗೆ ಅಧ್ಯಾಯಗಟ್ಟಲೆ ಜಾಗವಿದೆ. ಸಿನಿಮಾದವರು ಅವಳಿಗೆ ಎರಡು ಸೀನು ಬಿಸಾಕಿ, ಆ ಸಮಯವನ್ನೆಲ್ಲ ಎರಡು ದೇಶದ ಪೊಲೀಸರು ಕಾಫಿ ಕುಡಿಯುವುದಕ್ಕೆ ಕೊಟ್ಟಿದ್ದಾರೆ. ನಾನು ಗೊಣಗಿದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ. ಅವರ ತಲೆಯಲ್ಲಿ ಆಗಲೇ ನಾಳೆ ಬೆಂಚಿನ ಮೇಲೆ ಈ ಕತೆಯನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಅನ್ನುವ ಲೆಕ್ಕ ಓಡುತ್ತಿತ್ತು.

ಬೆಂಚು ಅಂದರೆ ನಮ್ಮ ಮನೆ ಹಿಂದಿನ ಪಾರ್ಕಿನದು. ಬೆಳಿಗ್ಗೆ ಮಕ್ಕಳು ಸ್ಕೂಲಿಗೆ, ದೊಡ್ಡವರು ಆಫೀಸಿಗೆ ಹೋದ ಮೇಲೆ ಸುತ್ತಮುತ್ತಲ ಮನೆಗಳ ಅಜ್ಜಿಯರು ಅಲ್ಲಿ ಸೇರುತ್ತಾರೆ. ಇಲ್ಲೇ ನೆಲೆಸಿದವರು ಒಬ್ಬಿಬ್ಬರು, ಆರು ತಿಂಗಳಿಗೆ ಬಂದು ಹೋಗುವವರೇ ಹೆಚ್ಚು. ನಮ್ಮತ್ತೆಗೆ ಸಿನಿಮಾ ನೋಡುವುದಕ್ಕಿಂತ ಹೇಳುವುದು ಇಷ್ಟ. ಅವರು ಹುಡುಗಿಯಾಗಿದ್ದಾಗ ಟೆಂಟ್ ಸಿನಿಮಾಕ್ಕೆ ಮನೆಮಂದಿಯನ್ನೆಲ್ಲ ಕಳಿಸುತ್ತಿರಲಿಲ್ಲವಂತೆ. ಹೋಗಿ ಬಂದ ಒಬ್ಬಳು ಮಾರನೆಯ ದಿನ ಉಳಿದ ಹೆಂಗಸರಿಗೆಲ್ಲ ಪೂರ್ತಿ ಕತೆ ಹೇಳಬೇಕು, ಅವರೆಕಾಯಿ ಸುಲಿಯುತ್ತಾ, ಹಾಡು ಸಮೇತ. ಆ ಕೆಲಸ ಇವರ ಪಾಲಿಗೆ ಬಂತು, ಇವತ್ತಿನವರೆಗೂ ಬಿಟ್ಟಿಲ್ಲ. ಭಾನುವಾರ ನಾನು ಹೇಳಿದ್ದನ್ನು ಸೋಮವಾರದಿಂದ ಕಂತು ಕಂತಾಗಿ ಬೆಂಚಿಗೆ ಬಡಿಸುತ್ತಾರೆ. ಯುರೋಪಿನ ಪೊಲೀಸರೆಲ್ಲ ಅವರ ಬಾಯಲ್ಲಿ "ಏನಮ್ಮೋ, ನಿನ್ ಗಂಡ ಎಲ್ಲಿ?" ಅಂತ ಮಂಡ್ಯದ ಭಾಷೆ ಮಾತಾಡುತ್ತಾರೆ.

ಕೇಳುವವರಲ್ಲಿ ಇಬ್ಬರನ್ನು ಹೇಳಬೇಕು. ಒಬ್ಬರು ಮೈಸೂರಿನ ನಿವೃತ್ತ ಟೀಚರು, ಮಗನ ಮನೆಯಲ್ಲಿರುವ ಸಾಬರ ಹೆಂಗಸು, ಎಲ್ಲರೂ ಅವರನ್ನು ಟೀಚರಮ್ಮ ಅನ್ನುತ್ತಾರೆ. ಕತೆಯಲ್ಲಿ ಎಲ್ಲಾದರೂ ತಾಳ ತಪ್ಪಿದರೆ ಅಲ್ಲೇ ಹಿಡಿಯುತ್ತಾರೆ. ಇನ್ನೊಬ್ಬರು ಧಾರವಾಡ ಕಡೆಯವರು, ಮಗಳ ಮನೆಗೆ ಬಂದವರು. ಹೆಸರು ಬೇಡ, ಧಾರವಾಡದಮ್ಮ ಅನ್ನುತ್ತೇನೆ. ಮಗಳ ಮನೆ ನಮ್ಮ ಪಕ್ಕದ ಬೀದಿ. ಮಗಳು, ಅಳಿಯ, ಇನ್ನೂ ಡೇಕೇರಿಗೆ ಹಾಕದ ಮೊಮ್ಮಗಳು. ಅಜ್ಜಿ ದಿನಾ ಬೆಂಚಿಗೆ ಬರುತ್ತಿದ್ದರು, ಮಗಳು ಮಾತ್ರ ಒಂದು ದಿನವೂ ಪಾರ್ಕಿನಲ್ಲಿ ಕಂಡವಳಲ್ಲ.

ಅಳಿಯನ ಮೇಲೆ ಅವರಿಗೆ ಬಹಳ ಹೆಮ್ಮೆ ಅಂತ ನಾವೆಲ್ಲ ತಿಳಿದುಕೊಂಡಿದ್ದೆವು. ಬಂದ ಹೊಸತರಲ್ಲಿ ಹೇಳಿದ್ದರು: "ನಮ್ಮ ಅಳಿಯ ಅಡಗಿ ಮನ್ಯಾಗೂ ಕ್ಯಾಮೆರಾ ಹಚ್ಚ್ಯಾನ್ರಿ. ಆಫೀಸಿನ್ಯಾಗ ಕುಂತ ಮನಿ ನೋಡ್ತಾನ. ಹಾಲು ಉಕ್ಕಲಿಕ್ಹತ್ತಿತಂದ್ರ ಅಲ್ಲಿಂದನ ಹೇಳ್ತಾನ." ಬೆಂಚು ಪೂರ್ತಿ ಮೆಚ್ಚಿಕೊಂಡಿತು. ನಮ್ಮ ಮನೆ ಗಂಡಸರಿಗೆ ಪಕ್ಕದಲ್ಲಿ ನಿಂತಿದ್ದಾಗಲೂ ಹಾಲು ಉಕ್ಕಿದ್ದು ಕಾಣುವುದಿಲ್ಲ ಅಂತ ನಾನೂ ನಕ್ಕೆ. ಈಗ ಆ ನಗು ನೆನೆದರೆ ಮೈ ಉರಿಯುತ್ತದೆ.

ಆ ವಾರ ಅತ್ತೆ ದ್ವೀಪದ ಕತೆ ಹೇಳಿದರು. ನಾನು ಮನೆಯಿಂದ ಕೆಲಸ ಮಾಡುವ ದಿನ ಮೀಟಿಂಗುಗಳ ನಡುವೆ ಅವರಿಗೆ ಟೀ ಕೊಟ್ಟು ಬರಲು ಹೋದರೆ, ಧಾರವಾಡದಮ್ಮ ಮುಂದಕ್ಕೆ ಬಾಗಿ ಕೂತು ಪ್ರಶ್ನೆ ಕೇಳುತ್ತಿದ್ದರು. ಯಾವತ್ತೂ ಅಷ್ಟು ಕೇಳಿದವರಲ್ಲ.

"ಅಕ್ಕಾರ, ಆಕಿ ಫೋನ್ ಎತ್ತಲಿಲ್ಲಂದ್ರ ಅವ ಏನು ಮಾಡ್ತಿದ್ದಾ?"

"ಏನೂ ಮಾಡ್ತಿರ್ಲಿಲ್ಲ ಕಣಕ್ಕ. ಮಾತ್ ಬುಟ್ಬುಡೋನು. ಎರಡ್ ದಿನ, ಮೂರ್ ದಿನ. ಅದೇ ಅವನ ಏಟು."

"ಬಡೀತಿದ್ದಿಲ್ಲ?"

"ಇಲ್ಲ."

"ಮತ್ತ ಅದನ್ನ ಪೊಲೀಸರಿಗೆ ಹೆಂಗ ಹೇಳೂದು, ಬಡಿದ ಗುರುತ ಇಲ್ಲಂದ್ರ?"

"ಅಯ್ಯೋ, ಅವ್ಳೆಲ್ಲಿ ಹೇಳಿದ್ಲು ಪೊಲೀಸ್ರಿಗೆ. ನೀನ್ ಕತೆ ಕೇಳ್ತೀಯೋ, ಅವ್ಳ ಪರವಾಗಿ ವಕೀಲಿಕೆ ಮಾಡ್ತೀಯೋ?" ಎಲ್ಲರೂ ನಕ್ಕರು. ಧಾರವಾಡದಮ್ಮನೂ ನಕ್ಕರು. ನಾನು ಫ್ಲಾಸ್ಕ್ ಎತ್ತಿಕೊಂಡು ಮೀಟಿಂಗಿಗೆ ಓಡಿದೆ. ಕೊನೆಯ ಕಂತು ಹೇಳಿದ ದಿನ ನಾನು ಸ್ಯಾನ್ ಮಟಿಯೋದಲ್ಲಿದ್ದೆ.

ಅದಾಗಿ ಎರಡು ಮೂರು ದಿನಕ್ಕೆ ಧಾರವಾಡದಮ್ಮನನ್ನು ಅಂಗಡಿಗೆ ಕರೆದುಕೊಂಡು ಹೋದೆ. ಮುಂದಿನ ವಾರ ಅವರ ಆರು ತಿಂಗಳು ಮುಗಿದು ಊರಿಗೆ ಹೊರಡುವುದಿತ್ತು. ಒಯ್ಯಲು ಬಾದಾಮಿ, ಚಾಕ್ಲೇಟು, ವಿಟಮಿನ್ ಮಾತ್ರೆ ಬೇಕು. ಮಗಳು ಯಾಕೆ ಕರೆದುಕೊಂಡು ಹೋಗುವುದಿಲ್ಲ ಅಂತ ಕೇಳಿದೆ. "ಅಳಿಯಗ ಆಕಿ ಫ್ರೀವೇ ಮ್ಯಾಲ ಗಾಡಿ ಹೊಡಿಯೂದು ಸೇರೂದಿಲ್ಲ, ತಂಗಿ." ಮಗಳು ಮದುವೆಗೆ ಮುಂಚೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಬ್ಬಳೇ ಕಾರು ಓಡಿಸಿಕೊಂಡು ಬರುತ್ತಿದ್ದಳು ಅಂತ ಇವರೇ ಹಿಂದೆ ಹೇಳಿದ್ದರು.

ಸಿಗ್ನಲ್ಲಿನಲ್ಲಿ ನಿಂತಾಗ ಅವರಾಗಿಯೇ ಅಂದರು: "ನಿಮ್ಮತ್ತಿಯವರು ಹೇಳಿದ ಸಿನಿಮಾ ಭಾಳ ಚಲೋ ಇತ್ತು. ಕಡೀಕ ಆ ಗಂಡಗ ಬುದ್ಧಿ ಬಂತಲ್ಲ, ಅದ ನನಗ ಸಮಾಧಾನ ಆತು. ನೋಡ್ರಿ, ಆಕಿ ಆ ಐಸಿನ ಗೋದಾಮಿನ್ಯಾಗ ಅಡಗಿ ಕುಂತಾಕಿ ಹೊರಗ ಬಂದ ಕೂಡ್ಲೇ ಕಾಲು ಹಿಡದ ಅತ್ತನಂತ. ಆಮ್ಯಾಲ ಎಲ್ಲಾರೂ ಕೂಡಿ ಚರ್ಚಿಗೆ ಹೋಗಿ ಊರಿಗೆ ಊಟ ಹಾಕಿಸಿದರಂತ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಹಸಿರು ಬಂದಿದ್ದು ನನಗೆ ಕಂಡಿರಲಿಲ್ಲ.

"ನನ್ನ ಮಗಳಿಗೂ ಅದನ್ನ ಹೇಳೀನಿ. ತಡಕೋ, ಗಂಡಸರು ಹಂಗ ಇರ್ತಾರ, ವಯಸ್ಸಾದಂಗ ಸುಧಾರಿಸ್ತಾರ ಅಂದೀನಿ. ಆಕಿ ನನ್ನ ಸಂಗಾಟ ಊರಿಗೆ ಬರತೀನಿ ಅಂತ ಹಟ ಹಿಡದಿದ್ಲು. ಈಗ ಸುಮ್ಮನಾಗ್ಯಾಳ."

ಅಂಗಡಿಯಲ್ಲಿ ಬಾದಾಮಿ ಚೀಲ ಗಾಡಿಗೆ ಹಾಕಿದ್ದು, ವಾಪಸ್ಸು ಬಂದದ್ದು ಯಾವುದೂ ಸರಿಯಾಗಿ ನೆನಪಿಲ್ಲ. ಅವರಿಗೆ ಆಗಲೇ ಹೇಳಬಹುದಿತ್ತು. ಹೇಳಬೇಕಾದವರು ಅತ್ತೆ, ನಾನಲ್ಲ ಅನ್ನಿಸಿತು, ಅಷ್ಟು ಸಿಟ್ಟು ಬಂದಿತ್ತು.

ಮನೆಗೆ ಬಂದು ಅತ್ತೆಯ ಮುಂದೆ ನಿಂತೆ. ಅವರು ಸೊಪ್ಪು ಬಿಡಿಸುತ್ತಿದ್ದರು.

"ಅತ್ತೆ, ಆ ಹೆಂಗಸು ಸತ್ತುಹೋದಳು. ಹೆಣ ನೋಡಿದಿರಿ ತಾನೇ ನೀವು? ಬದುಕಿಸಿದ್ದು ಯಾಕೆ?"

"ಓ, ಅದಾ" ಅಂದರು, ಸೊಪ್ಪಿನಿಂದ ಕಣ್ಣೆತ್ತದೆ. "ಬೆಳ್ ಬೆಳಗ್ಗೆ ಹೆಣ ತೋರ್ಸಿ ಎದ್ ಬರಕ್ಕಾಯ್ತದಾ? ಕತೆ ಕೇಳ್ದೋರು ಮಂಗಳ ಕೇಳ್ಕೊಂಡು ಏಳ್ಬೇಕು. ನಮ್ಮಜ್ಜಿ ಹೇಳ್ತಿದ್ಲು, ಸಾವಲ್ಲಿ ಕತೆ ನಿಲ್ಸಿದ್ರೆ ಆ ಸಾವು ಕೇಳ್ದೋರ ಹಿಂದೆ ಮನೇಗ್ ಬತ್ತದೆ ಅಂತ. ನಾನು ಯಾವ ಸಿನಿಮಾದಲ್ಲೂ ಯಾರ್ನೂ ಸಾಯ್ಸಿಲ್ಲ."

ಇಷ್ಟು ವರ್ಷ ನಾನು ಅನುವಾದಿಸಿಕೊಟ್ಟ ಕೊಲೆಗಳೆಲ್ಲ ಬೆಂಚಿನ ಮೇಲೆ ರಾಜಿ ಪಂಚಾಯ್ತಿಯಾಗಿ ಮುಗಿದಿದ್ದವು ಅನ್ನುವುದು ನನಗೆ ಗೊತ್ತಾಗಿದ್ದು ಆಗ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

"ಅವಳ ತಾಯಿ ಎಲ್ಲಿ ಹೋದಳು ನಿಮ್ಮ ಕತೆಯಲ್ಲಿ?"

"ಆ ಮುದುಕೀನಾ? ಎರಡ್ ಸೀನಿಗೆ ಅವ್ಳನ್ ಯಾಕೆ ಎಳ್ಕೊಂಡ್ ಬರ್ಲಿ? ಬುಟ್ಟಾಕ್ದೆ."

ಆಗ ಕಾರಿನಲ್ಲಿ ನಡೆದ ಮಾತು ಹೇಳಿದೆ. ತಡಕೋ ಅಂದಿದ್ದು, ಮಗಳು ಹಟ ಬಿಟ್ಟಿದ್ದು, ಕ್ಯಾಮೆರಾ, ಫ್ರೀವೇ, ಎಲ್ಲ. ಅತ್ತೆಯ ಕೈ ನಿಂತಿತು. ಸೊಪ್ಪು ಹಾಗೇ ಬಿಟ್ಟು ಎದ್ದು ಹೋಗಿ ದೇವರ ಮನೆಯ ಮುಂದೆ ಕೂತರು. ಅಲ್ಲಿಂದಲೇ ಕೇಳಿದರು: "ನಾಳೆ ನಿಂಗೆ ಮನೇಲೇ ಕೆಲ್ಸ ಅಲ್ವಾ? ನನ್ ಜೊತೆ ಬಾ. ನಾನು ಎಲ್ಲಾರ ತಪ್ಪಿದ್ರೆ ನೀನು ಹೇಳ್ಕೊಡು."

ಮಾರನೆಯ ಬೆಳಿಗ್ಗೆ ಬೆಂಚಿನಲ್ಲಿ ನಾಲ್ಕೈದು ಜನ ಇದ್ದರು. ಅತ್ತೆ ಕೂರಲೇ ಇಲ್ಲ, ನಿಂತೇ ಅಂದರು: "ನಾನೊಂದ್ ತಪ್ ಮಾಡಿವ್ನಿ. ಹೋದ್ವಾರ ಹೇಳಿದ್ ಸಿನಿಮಾ ಕಡೇಲಿ ಸುಳ್ಳು ಹೇಳಿವ್ನಿ. ಇನ್ನೊಂದ್ ಕಿತ ಹೇಳ್ತೀನಿ, ಕೇಳಿ."

"ನಂಗೆ ಅವತ್ತೇ ಅನುಮಾನ ಇತ್ತು" ಅಂದರು ಟೀಚರಮ್ಮ. "ಅಷ್ಟು ಪೊಲೀಸರು ಬಂದು ಕೊನೆಗೆ ಊಟ ಮಾಡಿಕೊಂಡು ಹೋದರು ಅಂದ್ರೆ ಹೇಗ್ರೀ?"

ಈ ಸಲ ಹಾಡಿಲ್ಲ, ಅಭಿನಯವಿಲ್ಲ. ಸೀದಾ ಹೇಳಿದರು. ಮೊದಲ ಸಲ ಬಿಟ್ಟಿದ್ದ ತಾಯಿಯನ್ನು ಒಳಗೆ ತಂದರು. ಮಗಳನ್ನು ನೋಡಲು ಆ ತಾಯಿ ಬೋಟಿನಲ್ಲಿ ದ್ವೀಪಕ್ಕೆ ಬರುತ್ತಾಳೆ. ಇಬ್ಬರೂ ಅಡುಗೆಮನೆಯಲ್ಲಿದ್ದಾಗ ಫೋನು ಬಡಿದುಕೊಳ್ಳುತ್ತದೆ. ಮಗಳು ಒಲೆ ಮೇಲಿದ್ದದ್ದನ್ನು ಬಿಟ್ಟು ಓಡಿಹೋಗಿ ಎತ್ತುತ್ತಾಳೆ: ಹೌದು, ಮನೆಯಲ್ಲೇ ಇದ್ದೇನೆ, ಅಮ್ಮ ಬಿಟ್ಟರೆ ಯಾರೂ ಇಲ್ಲ. ತಾಯಿ ನೋಡುತ್ತಾಳೆ. ಮಾರನೆಯ ದಿನ ಬೋಟು ಹತ್ತಿ ಊರಿಗೆ ಹೋಗುತ್ತಾಳೆ. ಹೆಣ ಸಿಕ್ಕಿದ ಮೇಲೆ ಪೊಲೀಸಿನವಳು ಅವಳನ್ನು ಕರೆಸಿ ಕೇಳುತ್ತಾಳೆ.

ಇಲ್ಲಿಗೆ ಬಂದು ಅತ್ತೆ ನನ್ನ ಕಡೆ ತಿರುಗಿದರು. "ಅವ್ಳೇನಂದ್ಲು ಮಗಾ? ಸರ್ಯಾಗ್ ಹೇಳು."

"ನಿಮಗೇನೂ ಕಾಣಲಿಲ್ಲವಾ ಅಂತ ಪೊಲೀಸಿನವಳು ಕೇಳ್ತಾಳೆ. ತಾಯಿ, ಬೋಟಿಗೆ ಹೊತ್ತಾಗಿತ್ತು ಅಂತಾಳೆ. ಅಷ್ಟೇ."

ಪಾರ್ಕಿನ ಹುಲ್ಲಿಗೆ ನೀರು ಬಿಡುವ ಸ್ಪ್ರಿಂಕ್ಲರು ಟಿಕ್ ಟಿಕ್ ಅನ್ನುತ್ತಿತ್ತು. ಧಾರವಾಡದಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದರು. ಉಳಿದವರು ಒಬ್ಬೊಬ್ಬರೇ ಏನೋ ನೆಪ ಹೇಳಿ ಎದ್ದರು. ಟೀಚರಮ್ಮ ಹೋಗುವಾಗ ಅವರ ಬೆನ್ನ ಮೇಲೆ ಕೈಯಿಟ್ಟು ಹೋದರು. ಅಂದರೆ ನಮಗಿಂತ ಮುಂಚೆ ಅವರಿಗೆ ಅರ್ಥವಾಗಿತ್ತು.

"ಅಕ್ಕಾರ" ಅಂದರು ಧಾರವಾಡದಮ್ಮ. "ನನ್ನ ಮಗಳು ಸಾಯ್ತಾಳೇನ್ರಿ?"

"ಬಾಯ್ ಮುಚ್ಚು. ಬುಡ್ತು ಅನ್ನು." ಅತ್ತೆ ಗದರಿದರು, ಆಮೇಲೆ ಅವರ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು.

ಓಕ್ಲ್ಯಾಂಡಿನಲ್ಲಿ ಇಂಥ ಹೆಂಗಸರ ದೂರು ಕೇಳುವ ಸರ್ಕಾರಿ ಆಫೀಸು ಇದೆ ಅಂತ ನನಗೆ ಗೊತ್ತಿತ್ತು. ಅಲ್ಲಿಗೆ ಹೋಗುವುದು ಕಷ್ಟವಲ್ಲ, ಆ ಮನೆಯಿಂದ ಮಗಳನ್ನು ಹೊರಡಿಸುವುದೇ ಕಷ್ಟ. ಅಳಿಯ ಎಲ್ಲ ನೋಡುತ್ತಿರುತ್ತಾನೆ. ನಾನು ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಯೋಚಿಸುತ್ತಾ ಕೂತೆ. ಅತ್ತೆ ಯೋಚಿಸಲಿಲ್ಲ. ಹಣೆಗೆ ಕುಂಕುಮ ಇಟ್ಟುಕೊಂಡು, ಅರಿಶಿನ ಕುಂಕುಮದ ಬಟ್ಟಲು ಹಿಡಿದು, ನನ್ನನ್ನು ಹಿಂದೆ ಕಟ್ಟಿಕೊಂಡು ಸೀದಾ ಆ ಮನೆಗೆ ಹೋದರು. ಬಾಗಿಲು ತೆಗೆದ ಮಗಳು ನಮ್ಮನ್ನು ನೋಡುವ ಮುಂಚೆ ಒಮ್ಮೆ ಗೋಡೆ ಕಡೆ ನೋಡಿದಳು. ಅಲ್ಲಿ ಒಂದು ಬಿಳಿ ಕ್ಯಾಮೆರಾ ಇತ್ತು.

ಅತ್ತೆ ಅದರ ಮುಂದೆ ಹೋಗಿ, ಕತ್ತೆತ್ತಿ, ಜೋರಾಗಿ ಮಾತಾಡಿದರು: "ಅಳಿಯಂದ್ರೇ, ಚೆನ್ನಾಗಿದೀರಾ? ನಿಮ್ಮತ್ತೆ ಊರಿಗ್ ಹೊಂಟವ್ರಲ್ಲ. ನಾಳೆ ನಮ್ಮನೇಲಿ ಊಟ. ನಿಮ್ ಮನೆಯೋರ್ಗೆ ಮಡ್ಲಕ್ಕಿ ಕಟ್ಬೇಕು, ನಿಮ್ ಕಡೆ ಉಡಿ ತುಂಬೋದು ಅಂತೀರಂತಲ್ಲ, ಅದು. ಮಗೂನೂ ಕರ್ಕೊಂಡ್ ಬರ್ಲಿ. ಬ್ಯಾಡ ಅನ್ಬಾರ್ದು, ನಿಮ್ ಆಯಸ್ಸಿಗೇ ಒಳ್ಳೇದು."

ಗೋಡೆಯೊಳಗಿಂದ ಬಹಳ ಮರ್ಯಾದೆಯ ದನಿ ಬಂತು: "ಆಯ್ತು ಆಂಟಿ. ಎಷ್ಟೊತ್ತಿಗೆ ವಾಪಸ್ ಬರ್ತಾರೆ?"

"ಊಟ ಆಗಿ, ಹೂ ಮುಡ್ಸಿ ಕಳ್ಸೋಷ್ಟೊತ್ತಿಗೆ ಸಂಜೆ ಆಗ್ಬೋದು ಕಣಪ್ಪ." ಅತ್ತೆ ಗೋಡೆಗೆ ಒಂದು ನಮಸ್ಕಾರವನ್ನೂ ಮಾಡಿ ಹೊರಗೆ ಬಂದರು.

ಮಾರನೆಯ ದಿನ ತಾಯಿ, ಮಗಳು, ಮಗು ಬಂದರು. ಓಕ್ಲ್ಯಾಂಡಿನ ಆಫೀಸಿನ ವಿಷಯ ಮಗಳಿಗೆ ನಾವು ಹೇಳಿದ್ದು ಆಗಲೇ. ಬೇಗ ಹೊರಡೋಣ ಅಂದರೆ ಅತ್ತೆ ಕೇಳಲಿಲ್ಲ. ಮಡ್ಲಕ್ಕಿ ಅಂತ ಹೇಳಿ ಕರೆದು ಕಟ್ಟದೆ ಕಳಿಸಿದರೆ ಅದು ಇನ್ನೊಂದು ಸುಳ್ಳಾಗುತ್ತದೆ ಅಂತ ಹಟ. ಮಗಳನ್ನು ಮಣೆ ಮೇಲೆ ಕೂರಿಸಿ ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ, ಎಲ್ಲ ಮಡಿಲಿಗೆ ಹಾಕಿದರು. ಅವಳು ತಲೆ ಬಗ್ಗಿಸಿಕೊಂಡೇ ಅಂದಳು: "ಆಂಟಿ, ಸುಮ್ನೆ ಕೇಳ್ಕೊಂಡು ಬರ್ತೀವಿ ಅಷ್ಟೇ. ಕಂಪ್ಲೇಂಟ್ ಗಿಂಪ್ಲೇಂಟ್ ಏನೂ ಬೇಡ." ಅತ್ತೆ "ಆಯ್ತು ಕಣವ್ವಾ" ಅಂದು, ಅವಳ ಕೈಯಿಂದ ಫೋನು ತೆಗೆದುಕೊಂಡು ನಮ್ಮ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದರು. "ಇದು ಇಲ್ಲೇ ಊಟ ಮಾಡ್ತಾ ಇರ್ಲಿ, ಅವ್ನು ನೋಡಿದ್ರೆ ನಮ್ಮನೇನೇ ತೋರುಸ್ಲಿ. ಎಷ್ಟ್ ಕೊಲೆ ಸಿನಿಮಾ ನೋಡಿಲ್ಲ ನಾನು." ಮಗುವನ್ನು ತಾವೇ ಇಟ್ಟುಕೊಂಡರು.

ಫ್ರೀವೇ ಹಿಡಿದು ನಾವು ಮೂವರೂ ಓಕ್ಲ್ಯಾಂಡಿಗೆ ಹೋದೆವು. ಆಫೀಸಿನ ಬಾಗಿಲಲ್ಲಿ ಕಾವಲುಗಾರ ಮಡ್ಲಕ್ಕಿಯ ಚೀಲ ತೆರೆಸಿ, ಅರಿಶಿನ ಮೆತ್ತಿದ ಕೊಬ್ಬರಿ ಬಟ್ಟಲನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ನೋಡಿದ. ತಿನ್ನುವುದು ಅಂತ ನಾನು ಹೇಳಿದ ಮೇಲೆ ಬಿಟ್ಟ. ಒಳಗೆ ಒಬ್ಬ ನಡುವಯಸ್ಸಿನ ಅಧಿಕಾರಿಣಿ ಬಾಗಿಲು ಹಾಕಿ ನಮ್ಮನ್ನು ಕೂರಿಸಿದಳು. ಫೋನಿನಲ್ಲಿ ಕನ್ನಡ ದುಭಾಷಿ ಸಿಗುತ್ತಾರೆ, ಕಾಯಬೇಕು ಅಂದಳು. ಅಲ್ಲಿಯವರೆಗೆ ನಾನೇ ಹೇಳುತ್ತೇನೆ ಅಂದೆ. ಭಾನುವಾರದ ಅಭ್ಯಾಸ ಹೇಗೂ ಇತ್ತು.

ಅವಳು ಕೇಳಿದ್ದಕ್ಕೆಲ್ಲ ಮಗಳು ಇಂಗ್ಲಿಷಿನಲ್ಲೇ ಚುಟುಕಾಗಿ ಉತ್ತರ ಕೊಟ್ಟಳು. ಹೊಡೆದಿದ್ದಾನಾ? ಇಲ್ಲ. ಬೆದರಿಸಿದ್ದಾನಾ? ಇಲ್ಲ, ಹಾಗೇನಿಲ್ಲ. ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? ಅವರ ಹತ್ತಿರ, ಅವರು ಎಲ್ಲ ನೀಟಾಗಿ ಇಡ್ತಾರೆ. ಒಂದೊಂದು ಉತ್ತರಕ್ಕೂ ಅವಳು ಕುರ್ಚಿಯ ಅಂಚಿಗೆ ಸರಿಯುತ್ತಿದ್ದಳು. ಕೊನೆಗೆ ಎದ್ದೇ ನಿಂತು, ಸಾರಿ, ನಿಮ್ಮ ಟೈಮ್ ವೇಸ್ಟ್ ಮಾಡಿದೆ ಅಂದಳು. ಹೊಡೆಯದಿದ್ದರೂ ನಾವು ಕೇಳುತ್ತೇವೆ, ನಡೆದದ್ದನ್ನು ಹೇಳಬಹುದು ಅಂತ ಅಧಿಕಾರಿಣಿ ನಿಧಾನವಾಗಿ ಅಂದಳು. ಆಮೇಲೆ ತಾಯಿಯ ಕಡೆ ನೋಡಿ, ಇವರಿಗೆ ಏನಾದರೂ ಹೇಳುವುದಿದೆಯಾ ಅಂತ ನನ್ನನ್ನು ಕೇಳಿದಳು. ನಾನು ಕನ್ನಡದಲ್ಲಿ ಕೇಳಿದೆ.

"ಅದ ಹೇಳಲಿಕ್ಕನ ಬಂದೀನಿ, ಬರಕೋ ಅನ್ರಿ" ಅಂದರು ಧಾರವಾಡದಮ್ಮ. ಎರಡೂ ಕೈ ಮೇಜಿನ ಮೇಲಿಟ್ಟರು. "ಆಕಿ ಜಳಕಕ್ಕ ಹೋಗೂದಿದ್ರೂ ಗೋಡೀಗೆ ಹೇಳಿ ಹೋಗ್ತಾಳ. ಒಂದಿನ ಕೂಸಿಗೆ ಜ್ವರ ಬಂದಿತ್ತು, ಫೋನ್ ಕೇಳಿಸಲಿಲ್ಲ ಆಕಿಗೆ. ಅವ ಬಂದು ಐದು ದಿನ ಆಕಿ ಮಾಡಿದ ಅನ್ನ ಉಣ್ಣಲಿಲ್ಲ, ಆಕಿಗೂ ಉಣಗೊಡಲಿಲ್ಲ, ತಾಟು ಎತ್ತಿ ಚೆಲ್ಲತಿದ್ದಾ. ನಾ ಕದ್ದು ಬಚ್ಚಲದಾಗ ಆಕಿಗೆ ರೊಟ್ಟಿ ತಿನಿಸೀನಿ. ನನ್ನ ಮಗಳ ಬಚ್ಚಲದಾಗ ನಿಂತು ರೊಟ್ಟಿ ತಿಂದಾಳ್ರಿ."

ಮಗಳು ನಿಂತಲ್ಲೇ ಇದ್ದಳು. ಆವರೆಗೆ ನಮ್ಮ ಜೊತೆ ಬೆಂಗಳೂರು ಕನ್ನಡ, ಅಧಿಕಾರಿಣಿಯ ಜೊತೆ ಇಂಗ್ಲಿಷು ಆಡುತ್ತಿದ್ದವಳು ಧಾರವಾಡದ ಮಾತಿನಲ್ಲಿ ಕೇಳಿದಳು: "ಅವ್ವಾ, ಇಷ್ಟೆಲ್ಲಾ ನಿನಗ ತಪ್ಪು ಅನಿಸಿತ್ತೇನ? ಮತ್ತ ತಡಕೋ ಅಂತ ಯಾಕಂದಿ? ನಾ ನನಗ ಹುಚ್ಚು ಹಿಡದೈತಿ ಅಂತ ತಿಳಕೊಂಡಿದ್ನಲ್ಲ."

"ಬಂದ ವಾರಾನ ಅನಿಸಿತ್ತು, ನನ್ನವ್ವಾ. ನಿನ್ನ ಕರಕೊಂಡು ಹೋದ್ರ ಓಣ್ಯಾಗ ಏನಂತಾರ ಅಂತ ಅಂಜಿದೆ. ನಿನಗಿಂತ ಅವರ ದೊಡ್ಡವರಾದ್ರು ನನಗ."

ಮಗಳು ಕೂತಳು. ಅಧಿಕಾರಿಣಿ ಪೆನ್ನು ಹಿಡಿದು ನನ್ನ ಮುಖ ನೋಡಿದಳು, ಇಬ್ಬರೂ ಏನಂದರು ಅಂತ. ಧಾರವಾಡದಮ್ಮನೂ ನನ್ನ ಕಡೆ ತಿರುಗಿ "ಎಲ್ಲಾ ಹೇಳು, ತಂಗಿ" ಅಂದರು. ಒಂದು ಮಾತೂ ಬಿಡದೆ ಹೇಳಿದೆ.